ಬೀಳದಿದ್ದರೂ ಅಂಕ ಯಾಕೆ ಹೋಯಿತು?

ಶಿರಸಿ ಹತ್ತಿರದ ಹಳ್ಳಿಯಿಂದ ತಾಯಿಯೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಏಳನೇ ತರಗತಿ ಓದುವ ಅವರ ಮಗಳು ಜಿಮ್ನಾಸ್ಟಿಕ್ಸ್ ಕೂಟದಲ್ಲಿ ಬ್ಯಾಲೆನ್ಸ್ ಬೀಮ್ (ಎತ್ತರದಲ್ಲಿ ಅಡ್ಡ ಇಟ್ಟ ಕಿರಿದಾದ ತೊಲೆ) ಮೇಲಿಂದ ಒಮ್ಮೆಯೂ ಬೀಳಲಿಲ್ಲ. ಆದರೆ ಒಮ್ಮೆ ಬಿದ್ದು ಮತ್ತೆ ಹತ್ತಿದ ಹುಡುಗಿಗೆ ಅವಳಿಗಿಂತ ಜಾಸ್ತಿ ಅಂಕ ಬಂತು. "ಇದು ಅನ್ಯಾಯ ಅಲ್ವಾ?" ಎಂದು ಕೇಳಿದ್ದಾರೆ. ಜೊತೆಗೆ ಇನ್ನೆರಡು ಪ್ರಶ್ನೆ: ಕೋಚ್ ಕೆಳಗೆ ನೋಡಬೇಡ ಅನ್ನುತ್ತಾರೆ, ಕಾಲು ನೋಡದೆ ಹೆಜ್ಜೆ ಇಡುವುದು ಹೇಗೆ? ತೋಟದ ಹಳ್ಳಕ್ಕೆ ಹಾಕಿದ ಸಂಕದ ಮೇಲೆ ಅಭ್ಯಾಸ ಮಾಡಿಸಬಹುದಾ?

ಸಂಪಾದಕರ ಉತ್ತರ:

ಅಕ್ಕ, ನಮಸ್ಕಾರ. ಮಗಳ ಪ್ರದರ್ಶನವನ್ನು ನೀವು ಎಷ್ಟು ಗಮನವಿಟ್ಟು ನೋಡಿದ್ದೀರಿ ಎಂದರೆ, ಉತ್ತರ ನಿಮ್ಮ ಪತ್ರದಲ್ಲೇ ಇದೆ. ನೀವು ಬರೆದದ್ದು ಇಷ್ಟು: "ಎರಡು ಸಲ ಜೋರಾಗಿ ವಾಲಿದಳು, ಕೈ ಬೀಸಿ ಸುಧಾರಿಸಿಕೊಂಡಳು. ಒಮ್ಮೆ ಬಗ್ಗಿ ಬೀಮ್ ಹಿಡಿದುಕೊಂಡಳು, ಆದರೂ ಬೀಳಲಿಲ್ಲ. ಹಾರಿದಾಗ ಕಾಲು ಪೂರ್ತಿ ಅಗಲವಾಗಲಿಲ್ಲ."

ಅಂತರರಾಷ್ಟ್ರೀಯ ನಿಯಮದಲ್ಲಿ ಇದನ್ನು ಲೆಕ್ಕ ಹಾಕೋಣ. ಸಣ್ಣ ತಪ್ಪಿಗೆ 0.10, ಮಧ್ಯಮಕ್ಕೆ 0.30, ದೊಡ್ಡದಕ್ಕೆ 0.50 ಕಡಿತ. ಬಿದ್ದರೆ 1.00. ಜೋರಾಗಿ ವಾಲಿದ್ದನ್ನು ಮಧ್ಯಮ ಎಂದೇ ಇಟ್ಟುಕೊಂಡರೂ ಎರಡಕ್ಕೆ 0.60 ಹೋಯಿತು. ಬೀಳದಿರಲು ಬೀಮ್ ಹಿಡಿದುಕೊಂಡರೆ ನೇರವಾಗಿ 0.50. ಸ್ಪ್ಲಿಟ್ ಲೀಪ್‌ನಲ್ಲಿ (ಹಾರಿ ಗಾಳಿಯಲ್ಲಿ ಒಂದು ಕಾಲು ಮುಂದೆ, ಒಂದು ಹಿಂದೆ ಚಾಚುವುದು) ಕಾಲುಗಳು 180 ಡಿಗ್ರಿ ತೆರೆಯಬೇಕು. 20 ಡಿಗ್ರಿವರೆಗೆ ಕಡಿಮೆಯಾದರೆ 0.10, ಅದಕ್ಕಿಂತ ಜಾಸ್ತಿ, 45ರವರೆಗೆ ಕಡಿಮೆಯಾದರೆ 0.30. ನಿಮ್ಮ ಮಗಳ ಹಾರಿಕೆಗೆ 0.30 ಎಂದು ಹಿಡಿದರೆ ಒಟ್ಟು 1.40 ಹೋದ ಹಾಗಾಯಿತು. ಆ ಹುಡುಗಿ ಬಿದ್ದದ್ದಕ್ಕೆ ಕಳೆದುಕೊಂಡದ್ದು 1.00. ಉಳಿದದ್ದನ್ನು ಅವಳು ಚೊಕ್ಕವಾಗಿ ಮಾಡಿದ್ದರೆ ಮುಂದೆ ಹೋಗುವುದು ಸಹಜ. ಅವಳು ಆರಿಸಿಕೊಂಡ ಚಲನೆಗಳು ಕಷ್ಟದ್ದಾಗಿದ್ದರೆ ಅದರ ಅಂಕ ಬೇರೆ ಸೇರುತ್ತದೆ. ಶಾಲಾ ಮಟ್ಟದ ಕೂಟಗಳಲ್ಲಿ ಕಡಿತದ ಪ್ರಮಾಣ ಬೇರೆ ಇರಬಹುದು. ಕೋಚ್ ಹತ್ತಿರ ನಿಯಮ ಪುಸ್ತಕ ಕೇಳಿ ನೋಡಿ. ನನಗಂತೂ ನಿಮ್ಮ ವಿವರಣೆ ಓದಿದ ಮೇಲೆ ಅನ್ಯಾಯ ಕಾಣಲಿಲ್ಲ.

ಬೀಮ್ ಹಿಡಿದರೆ ಎಷ್ಟು ದುಬಾರಿ ಎಂಬುದಕ್ಕೆ 2016ರ ರಿಯೋ ಒಲಿಂಪಿಕ್ಸ್ ನೋಡಿ. ಬೀಮ್ ಫೈನಲ್‌ನಲ್ಲಿ ಅಮೆರಿಕದ ಸಿಮೋನ್ ಬೈಲ್ಸ್ ಮುಂದಕ್ಕೆ ಪಲ್ಟಿ ಹೊಡೆದು ಇಳಿದಾಗ ಆಯ ತಪ್ಪಿತು. ಎರಡೂ ಕೈಯಲ್ಲಿ ಬೀಮ್ ಹಿಡಿದುಕೊಂಡರು. ಬೀಳಲಿಲ್ಲ, ಆದರೆ ಸಿಕ್ಕಿದ್ದು 14.733 ಅಂಕ ಮತ್ತು ಕಂಚು. ಚಿನ್ನ ಗೆದ್ದವರು ನೆದರ್ಲೆಂಡ್ಸ್‌ನ ಸಾನೆ ವೆವರ್ಸ್, 15.466 ಅಂಕ. ಅವರ ಹೆಚ್ಚುಗಾರಿಕೆ ಇದ್ದದ್ದು ಒಂಟಿಗಾಲಲ್ಲಿ ಬುಗುರಿ ಹಾಗೆ ತಿರುಗುವುದರಲ್ಲಿ. ನಿಮ್ಮ ಮಗಳಿಗೆ ಆ ವಿಡಿಯೊ ತೋರಿಸಿ. ಹಿಮ್ಮಡಿ ಎಷ್ಟು ಎತ್ತರದಲ್ಲಿದೆ, ತಿರುಗಿ ನಿಂತಾಗ ಭುಜ ಎಷ್ಟು ಶಾಂತವಾಗಿದೆ ಎಂದು ನೋಡಲಿ.

ಈಗ ಕಾಲು ನೋಡುವ ವಿಷಯ. ಇದು ನನಗೆ ತುಂಬಾ ಇಷ್ಟದ ವಿಷಯ, ಯಾಕೆಂದರೆ ನಮ್ಮ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೀಮ್ ಅಗಲ 10 ಸೆಂಟಿಮೀಟರ್, ಅಂದರೆ ಹತ್ತಿರಹತ್ತಿರ ಒಂದು ಅಡಿಕೆ ಮರದ ದಪ್ಪ. ಉದ್ದ 5 ಮೀಟರ್, ನೆಲದಿಂದ ಎತ್ತರ 125 ಸೆಂಟಿಮೀಟರ್. ಮಳೆಗಾಲದಲ್ಲಿ ಪಾಟಿಚೀಲ ಹೊತ್ತು ಅಡಿಕೆ ಮರದ ಸಂಕ ದಾಟಿದವರು ನೆನಪು ಮಾಡಿಕೊಳ್ಳಿ. ಕೆಳಗೆ ಕೆಂಪು ನೀರು ಓಡುತ್ತಿರುತ್ತದೆ. ಕಾಲು ನೋಡಿದರೆ ನೀರೂ ಕಾಣುತ್ತದೆ, ಸಂಕವೇ ಓಡಿದ ಹಾಗಾಗಿ ತಲೆ ತಿರುಗುತ್ತದೆ. ಅದಕ್ಕೇ ಅಜ್ಜಿಯರು "ಆಚೆ ದಡ ನೋಡು" ಅನ್ನುತ್ತಿದ್ದರು. ಬೀಮ್ ಮೇಲೂ ಅಷ್ಟೇ. ಕಣ್ಣು ಬೀಮ್‌ನ ಆ ತುದಿಯ ಮೇಲೆ ಇರಬೇಕು. ತಲೆ ಬಗ್ಗಿದರೆ ಬೆನ್ನು ಬಗ್ಗುತ್ತದೆ, ಬೆನ್ನು ಬಗ್ಗಿದರೆ ಸೊಂಟ ಹಿಂದೆ ಹೋಗುತ್ತದೆ. ಆಮೇಲೆ ಕೈ ಬೀಸದೆ ಬೇರೆ ದಾರಿಯೇ ಇರುವುದಿಲ್ಲ.

ಹೆಜ್ಜೆ ಎಲ್ಲಿ ಎಂದು ಪಾದವೇ ಹೇಳುತ್ತದೆ. ಮುಂದಿಡುವ ಕಾಲಿನ ಬೆರಳು ಬೀಮ್‌ನ ಅಂಚನ್ನು ಸವರಿಕೊಂಡು ಹೋಗಿ ಮೇಲೆ ಕೂರಬೇಕು. ನಿಧಾನ ನಡಿಗೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ವಾಲಿತು ಅನ್ನಿಸಿದ ಕೂಡಲೇ ಸೊಂಟದಿಂದ ಬಗ್ಗಬಾರದು. ಹೊಟ್ಟೆ, ತೊಡೆ ಬಿಗಿ ಹಿಡಿದು ಮೊಣಕಾಲು ಒಂಚೂರು ಸಡಿಲಿಸಿ, ಕೈ ಅಕ್ಕಪಕ್ಕ ಚಾಚಿ ತಡೆದರೆ ಆಟ 0.10ರಲ್ಲಿ ಮುಗಿಯಬಹುದು. ಕಾರ್ಟ್‌ವೀಲ್‌ನಲ್ಲಿ (ಕೈ ಊರಿ ಚಕ್ರದ ಹಾಗೆ ಪಕ್ಕಕ್ಕೆ ಉರುಳುವುದು) ಎರಡು ಕೈಯೂ ಒಂದರ ಹಿಂದೆ ಒಂದು ಅದೇ ಗೆರೆಯಲ್ಲಿ ಬೀಳಬೇಕು, ಸೊಂಟ ಕೈಗಳ ನೆತ್ತಿಯ ಮೇಲೆ ಹಾದು ಹೋಗಬೇಕು. ಸೊಂಟ ಪಕ್ಕಕ್ಕೆ ಸರಿದರೆ ಇಳಿಯುವ ಕಾಲು ಗಾಳಿಗೆ ಬೀಳುತ್ತದೆ. ಮಕ್ಕಳು ಬೀಳುವುದು ಜಾಸ್ತಿ ಇಲ್ಲೇ.

ಸಂಕದ ಮೇಲೆ ಅಭ್ಯಾಸ ಖಂಡಿತ ಬೇಡ, ಅಕ್ಕ. ಉರುಟು ಮರ, ಮೇಲೆ ಪಾಚಿ, ಕೆಳಗೆ ಕಲ್ಲು. ಬೀಮ್ ಚಪ್ಪಟೆ ಇರುತ್ತದೆ, ಸುತ್ತ ದಪ್ಪ ಮ್ಯಾಟ್ ಹಾಕಿರುತ್ತಾರೆ. ಮನೆಯಲ್ಲಿ ಮಾಡಿಸಬೇಕೆಂದರೆ ಅಂಗಳದಲ್ಲಿ ಸೀಮೆಸುಣ್ಣದಿಂದ 10 ಸೆಂಟಿಮೀಟರ್ ಅಂತರಕ್ಕೆ ಎರಡು ಗೆರೆ ಎಳೆಯಿರಿ. ಅಡಿಕೆ ಹರವಿದ್ದರೆ ಜಗುಲಿ ಮೇಲೆ ಎಳೆದರೂ ಆಯಿತು. ನಡಿಗೆ, ತುದಿಗಾಲ ನಿಲುವು, ತಿರುಗುವುದು ಇಷ್ಟು ಸಾಕು. ಹಾರುವುದು, ಉರುಳುವುದು ಕೋಚ್ ಎದುರಿಗೇ ಆಗಲಿ. ಅದೂ ಮೊದಲು ನೆಲದ ಗೆರೆ, ಆಮೇಲೆ ಗಿಡ್ಡ ಬೀಮ್, ಕೊನೆಗೆ ಎತ್ತರದ್ದು.

ಮುಂದಿನ ಕೂಟಕ್ಕೆ ಹೋಗುವಾಗ ಒಂದು ಚೀಟಿ, ಪೆನ್ನು ಇಟ್ಟುಕೊಳ್ಳಿ. ಮಗಳದ್ದು ಬೇಡ, ನಿಮಗೆ ಪರಿಚಯವೇ ಇಲ್ಲದ ಒಬ್ಬ ಹುಡುಗಿಯ ಆಟ ನೋಡಿ. ದೊಡ್ಡವರ ನಿಯಮದಲ್ಲಿ ಒಟ್ಟು ಸಮಯ 90 ಸೆಕೆಂಡು, ಮೀರಿದರೆ 0.10 ಕಡಿತ. ಅಷ್ಟರೊಳಗೆ ವಾಲಿದ್ದೆಷ್ಟು, ಮೊಣಕಾಲು ಬಗ್ಗಿದ್ದೆಷ್ಟು, ಪಾದದ ತುದಿ ಚಾಚದೆ ಉಳಿದದ್ದೆಷ್ಟು ಎಂದು ಗೀಟು ಹಾಕುತ್ತಾ ಹೋಗಿ. ಆಮೇಲೆ ಬೋರ್ಡ್ ಮೇಲೆ ಬಂದ ಅಂಕದ ಜೊತೆ ಹೋಲಿಸಿ, ಆ ಚೀಟಿಯನ್ನು ನಮಗೂ ಕಳಿಸಿ.