ಹೆಜ್ಜೆ ಬದಲಿಸಿದರೆ ಉತ್ತರವೇಕೆ ಬದಲಾಗುತ್ತದೆ?

ಪ್ರಶ್ನೆ: ಡಿವೈ/ಡಿಎಕ್ಸ್ = ಎಕ್ಸ್² + ವೈ² ಎಂಬ ಅವಕಲ ಸಮೀಕರಣವನ್ನು, ಎಕ್ಸ್ ಸೊನ್ನೆಯಾದಾಗ ವೈ 1 ಎಂದಿಟ್ಟುಕೊಂಡು, ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಲೆಕ್ಕ ಹಾಕುತ್ತ ಸಾಗುವ ಆಯ್ಲರ್ ವಿಧಾನದಿಂದ ಎಕ್ಸ್ = 1ರವರೆಗೆ ಬಿಡಿಸಿದೆ. ಹೆಜ್ಜೆಯ ಗಾತ್ರ 0.1 ಇದ್ದಾಗ 7.19 ಬಂತು. ಗೆಳತಿ 0.05 ಇಟ್ಟುಕೊಂಡಾಗ ಅವಳಿಗೆ 12.32 ಬಂತು. ಇವುಗಳಲ್ಲಿ ಯಾವುದು ಸರಿ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮಿಬ್ಬರ ಲೆಕ್ಕದಲ್ಲೂ ತಪ್ಪಿಲ್ಲ, ಮತ್ತೆ ಮಾಡಿ ನೋಡಿದರೂ 7.1895 ಮತ್ತು 12.3209 ಎಂದೇ ಬರುತ್ತವೆ. ಆದರೆ ಎರಡನ್ನೂ ಉತ್ತರವೆಂದು ಒಪ್ಪಲಾಗದು, ಏಕೆಂದರೆ ಈ ಸಮೀಕರಣದ ಪರಿಹಾರ ಎಕ್ಸ್ = 1ನ್ನು ಮುಟ್ಟುವುದೇ ಇಲ್ಲ.

ಇದನ್ನು ತೋರಿಸಲು ಕಂಪ್ಯೂಟರ್ ಬೇಕಾಗಿಲ್ಲ. ಎಕ್ಸ್² ಎಂದೂ ಋಣವಾಗದ ಕಾರಣ ವೈ ಬೆಳೆಯುವ ದರ ವೈ²ಕ್ಕಿಂತ ಕಡಿಮೆಯಾಗಲಾರದು. ದರ ಸರಿಯಾಗಿ ವೈ² ಆಗಿದ್ದರೆ, ಅದೇ ಆರಂಭದಿಂದ ಹೊರಟ ಪರಿಹಾರ 1/(1 − ಎಕ್ಸ್) ಆಗುತ್ತದೆ ಮತ್ತು ಎಕ್ಸ್ 1ರ ಸಮೀಪಕ್ಕೆ ಬಂದಂತೆ ಅದು ಅನಂತಕ್ಕೆ ಏರುತ್ತದೆ. ನಿಮ್ಮ ವೈ ಇದಕ್ಕಿಂತ ಕೆಳಗಿರಲು ಸಾಧ್ಯವಿಲ್ಲದ್ದರಿಂದ ಅದು ಇನ್ನೂ ಮುಂಚೆಯೇ, ಎಕ್ಸ್ ಸುಮಾರು 0.9698 ಆಗುವಾಗ, ಅನಂತಕ್ಕೆ ಹೋಗಿಬಿಡುತ್ತದೆ.

ಹಾಗಿದ್ದರೆ ಆಯ್ಲರ್ ವಿಧಾನ ಸುಮ್ಮನೆ ಒಂದು ಸಂಖ್ಯೆಯನ್ನು ಕೊಟ್ಟದ್ದೇಕೆ? ನಿಮ್ಮ ಕೊನೆಯ ಹೆಜ್ಜೆಯನ್ನೇ ನೋಡಿ. ಎಕ್ಸ್ = 0.9ರಲ್ಲಿ ನಿಮ್ಮ ಬಳಿ ಇದ್ದ ವೈ 4.80, ಅಲ್ಲಿನ ಇಳಿಜಾರು, ಅಂದರೆ ಡಿವೈ/ಡಿಎಕ್ಸ್, 23.87. ವಿಧಾನವು ಆ ಇಳಿಜಾರನ್ನೇ ಇಡೀ ಹೆಜ್ಜೆಗೆ ಅನ್ವಯಿಸಿ, 4.80ಕ್ಕೆ 2.39 ಕೂಡಿಸಿ, 7.19ಕ್ಕೆ ಬಂದು ನಿಂತಿತು. ನಡುವೆ 0.9698ರಲ್ಲಿ ಏನಾಯಿತೆಂದು ಅದು ಕೇಳಲೇ ಇಲ್ಲ. ನಿಜವಾದ ವೈ ಆ ಹೊತ್ತಿಗಾಗಲೇ, ಎಂದರೆ 0.9ರಲ್ಲೇ, 14.3ನ್ನು ತಲುಪಿತ್ತು. ಹೆಚ್ಚು ನಿಖರವಾದ ನಾಲ್ಕನೆಯ ಕ್ರಮದ ರುಂಗೆ–ಕುಟ್ಟ ವಿಧಾನವನ್ನು ಹಿಡಿದರೂ ಎಕ್ಸ್ = 1ರಲ್ಲಿ ಉತ್ತರ ನಿಲ್ಲುವುದಿಲ್ಲ: 0.1ರ ಹೆಜ್ಜೆಗೆ 735, 0.05ರ ಹೆಜ್ಜೆಗೆ 1.75 ಲಕ್ಷಕ್ಕೂ ಹೆಚ್ಚು.

ಆದ್ದರಿಂದ ಹೆಜ್ಜೆಯನ್ನು ಅರ್ಧಕ್ಕೆ ಇಳಿಸಿ ಮತ್ತೊಮ್ಮೆ ಲೆಕ್ಕ ಹಾಕದೆ ಯಾವ ಸಂಖ್ಯೆಯನ್ನೂ ನಂಬಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಗೆಳತಿಯ ಲೆಕ್ಕದೊಂದಿಗೆ ಹೋಲಿಸಿ ನೀವು ಮಾಡಿದ್ದೂ ಅದನ್ನೇ, ಹಾಗಾಗಿಯೇ ಸಂಶಯ ಬಂದಿದೆ. ಪರಿಹಾರ ಇರುವ ಕಡೆ ಹೀಗಾಗುವುದಿಲ್ಲ. ಎಕ್ಸ್ = 0.5ರಲ್ಲಿ ನಿಮ್ಮ ಬೆಲೆ 1.837, ಗೆಳತಿಯದು 1.933, ನಿಜವಾದದ್ದು 2.067, ದೋಷ 0.23ರಿಂದ 0.13ಕ್ಕೆ ಇಳಿದಿದೆ, ಹೆಜ್ಜೆ ಇನ್ನೂ ಕಿರಿದಾದಂತೆ ಪ್ರತಿ ಸಲವೂ ಸರಿಸುಮಾರು ಅರ್ಧಕ್ಕಿಳಿಯುತ್ತ ಹೋಗುತ್ತದೆ.

ಇದೇ ಸಮೀಕರಣದಿಂದ ಸರಿಯಾದ ಮಾಹಿತಿಯನ್ನು ಅದೇ ಆಯ್ಲರ್ ವಿಧಾನದಿಂದಲೇ ಪಡೆಯಬಹುದು ಎಂಬುದು ನನಗೆ ಬಹಳ ಮೆಚ್ಚಿಕೆಯ ಸಂಗತಿ. ವೈಯ ಬದಲು ಅದರ ವಿಲೋಮವನ್ನು, ಅಂದರೆ ಯು = 1/ವೈ ಎಂಬುದನ್ನು ತೆಗೆದುಕೊಳ್ಳಿ. ಆಗ ಸಮೀಕರಣವು ಡಿಯು/ಡಿಎಕ್ಸ್ = −(1 + ಎಕ್ಸ್²ಯು²) ಎಂದಾಗುತ್ತದೆ. ವೈ ಅನಂತವಾಗುವ ಜಾಗದಲ್ಲಿ ಯು ಸೊನ್ನೆಯನ್ನು ಯಾವ ಗದ್ದಲವೂ ಇಲ್ಲದೆ ದಾಟಿಹೋಗುತ್ತದೆ. 0.1ರ ಹೆಜ್ಜೆಯಲ್ಲೇ ನಡೆದರೆ 0.9ರಲ್ಲಿ ಯು 0.0699, 1ರಲ್ಲಿ −0.0305; ಇವೆರಡನ್ನು ಸರಳರೇಖೆಯಿಂದ ಸೇರಿಸಿದರೆ ಸೊನ್ನೆ ಬೀಳುವುದು 0.9696ರಲ್ಲಿ. ಇಷ್ಟು ದೊಡ್ಡ ಹೆಜ್ಜೆಗೆ ಇಷ್ಟು ನಿಖರತೆ ಸಿಕ್ಕಿದ್ದು ಯು ಬಹುಮಟ್ಟಿಗೆ ಸರಳರೇಖೆಯಂತೆಯೇ ಇಳಿಯುವುದರಿಂದ.

ಇಂಥ ಸಮೀಕರಣಕ್ಕೆ ಸೂತ್ರ ಹುಡುಕಬಾರದೇಕೆ ಎಂದು ನೀವು ಕೇಳಬಹುದು. ಇದರ ಪರಿಹಾರವನ್ನು ಸಾಮಾನ್ಯ ಫಲನಗಳಿಂದಲೂ ಅವುಗಳ ಅನುಕಲನಗಳಿಂದಲೂ ಬರೆಯಲಾಗದೆಂದು ಫ್ರಾನ್ಸಿನ ಗಣಿತಜ್ಞ ಲಿಯೂವಿಲ್ 1841ರಲ್ಲೇ ಸಾಧಿಸಿದ್ದಾನೆ. ಬೆಸೆಲ್ ಫಲನಗಳೆಂಬ ವಿಶೇಷ ಫಲನಗಳ ಮೂಲಕ ಬರೆಯಬಹುದು, ಆದರೆ ಅವುಗಳ ಬೆಲೆಗೂ ಕಡೆಗೆ ಸಂಖ್ಯಾತ್ಮಕ ಲೆಕ್ಕವೇ ಬೇಕು.

ಪ್ರಶ್ನೆ: ಹಾಗಾದರೆ ಹೆಜ್ಜೆಯನ್ನು ಅತಿ ಚಿಕ್ಕದಾಗಿಟ್ಟು ಆಯ್ಲರ್ ವಿಧಾನವನ್ನೇ ಬಳಸಿದರೆ ಸಾಲದೆ? ರುಂಗೆ–ಕುಟ್ಟ ವಿಧಾನವನ್ನು ಏಕೆ ಕಲಿಯಬೇಕು?
— ಪದವಿ ಕಾಲೇಜಿನ ಉಪನ್ಯಾಸಕ, ಹಾಸನ

ಉತ್ತರ: ದುಡಿಮೆಯ ಲೆಕ್ಕ ಹಾಕಿ ನೋಡಿ. ಡಿವೈ/ಡಿಎಕ್ಸ್ = ವೈ ಎಂಬುದನ್ನು, ಎಕ್ಸ್ ಸೊನ್ನೆಯಾದಾಗ ವೈ 1 ಎಂದಿಟ್ಟುಕೊಂಡು ಆರಂಭಿಸಿದರೆ, ಎಕ್ಸ್ = 1ರಲ್ಲಿ ನಿಜವಾದ ಬೆಲೆ 2.71828. ಆಯ್ಲರ್ ವಿಧಾನದಲ್ಲಿ ನೂರು ಹೆಜ್ಜೆ ನಡೆದರೆ 2.7048 ಸಿಗುತ್ತದೆ. ರುಂಗೆ–ಕುಟ್ಟ ವಿಧಾನದಲ್ಲಿ ಒಂದೇ ಒಂದು ಹೆಜ್ಜೆ ಇಟ್ಟು, ಇಳಿಜಾರನ್ನು ನಾಲ್ಕು ಸಲ ಮಾತ್ರ ಕಂಡುಹಿಡಿದರೆ ಸಿಗುವುದು 2.7083, ಅಂದರೆ ಅದಕ್ಕಿಂತ ಹತ್ತಿರದ ಬೆಲೆ. ಹತ್ತು ಹೆಜ್ಜೆ ನಡೆದರೆ ದೋಷ ಆರನೆಯ ದಶಮಾಂಶ ಸ್ಥಾನಕ್ಕೆ ಸರಿಯುತ್ತದೆ. 1768ರಲ್ಲಿ ಆಯ್ಲರ್ ಪ್ರಕಟಿಸಿದ ವಿಧಾನವನ್ನು ಜರ್ಮನಿಯ ರುಂಗೆ 1895ರಲ್ಲಿ, ಕುಟ್ಟ 1901ರಲ್ಲಿ ಮುಂದುವರಿಸಿದ್ದು ಕೈಯಿಂದಲೇ ಲೆಕ್ಕ ಹಾಕಬೇಕಾಗಿದ್ದ ಕಾಲದಲ್ಲಿ. ಆಗ ಈ ಉಳಿತಾಯಕ್ಕಿದ್ದ ಬೆಲೆಯನ್ನು ಊಹಿಸಿಕೊಳ್ಳಬಹುದು. ಇನ್ನು ಹೆಜ್ಜೆಯನ್ನು ಮಿತಿಮೀರಿ ಕಿರಿದಾಗಿಸಿದರೆ ಪ್ರತಿ ಹೆಜ್ಜೆಯಲ್ಲೂ ಕೊನೆಯ ಅಂಕಿಗಳನ್ನು ಕತ್ತರಿಸುವುದರಿಂದಾಗುವ ದೋಷ ಕೂಡುತ್ತ ಹೋಗಿ, ಒಂದು ಹಂತದಾಚೆ ಉತ್ತರ ಕೆಡತೊಡಗುತ್ತದೆ.