ಪಾದದ ಉರಿಗೆ ಲೇಸರ್ ಮಾಡಿಸಬಹುದಾ? ನಾನು ಹತ್ತು ಸಿಟ್ಟಿಂಗ್ ಮಾಡಿಸಿದ್ದೇನೆ

ನಿಮ್ಮ ತಂದೆಯವರಿಗೆ 62 ವರ್ಷ, ಹತ್ತು ವರ್ಷದಿಂದ ಶುಗರ್, ರಾತ್ರಿಯಾದರೆ ಪಾದ ಉರಿ, ಫಿಜಿಯೋಥೆರಪಿಯವರು 12 ಸಿಟ್ಟಿಂಗ್ ಲೇಸರ್ ಪ್ಯಾಕೇಜ್ ಹೇಳಿದ್ದಾರೆ, ದುಡ್ಡು ಕಟ್ಟಬಹುದಾ ಅಂತ ಕೇಳಿದ್ದೀರಿ. ನಾನು ಕಟ್ಟಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುವವಳು, ವಯಸ್ಸು 54, ಶುಗರ್ ಬಂದು ಒಂಬತ್ತು ವರ್ಷ.

ಚಿಕ್ಕದಾಗಿ ಹೇಳಬೇಕಂದ್ರೆ: ಈಗಲೇ ಕಟ್ಟಬೇಡಿ. ಮೊದಲು ಮಾಡಿಸಬೇಕಾದ್ದು ಬೇರೆ ಇದೆ. ಲೇಸರ್ ಪೂರ್ತಿ ಮೋಸ ಅಂತ ನಾನು ಹೇಳಲ್ಲ, ಆದರೆ ಅವರು ಹೇಳುವಷ್ಟು ಅದರಲ್ಲಿ ಇಲ್ಲ.

ಈಗ ಉದ್ದದ ಕಥೆ. ನನಗೆ ಶುರುವಾಗಿದ್ದು ಬೆರಳ ತುದಿಯಲ್ಲಿ ಜುಮ್ ಜುಮ್ ಅನ್ನೋದರಿಂದ. ತುಳಿಯುವ ಮಿಷನ್ ಅಲ್ವಾ, ಕಾಲಿಗೆ ಜೋಮು ಹಿಡಿದಿದೆ ಅಂತ ಸುಮ್ಮನಿದ್ದೆ. ಆಮೇಲೆ ಉರಿ. ಹಗಲು ಅಷ್ಟಿಲ್ಲ, ರಾತ್ರಿ ಹನ್ನೊಂದಾದರೆ ಅಂಗಾಲಿಗೆ ಮೆಣಸಿನಪುಡಿ ಮೆತ್ತಿದ ಹಾಗೆ. ಹೊದಿಕೆ ತಾಗಿದರೂ ಆಗುತ್ತಿರಲಿಲ್ಲ, ಎದ್ದು ಹೋಗಿ ಬಚ್ಚಲುಮನೆ ನೆಲದ ಮೇಲೆ ಕಾಲಿಟ್ಟು ನಿಲ್ಲುತ್ತಿದ್ದೆ. ಒಂದು ದಿನ ಅಂಗಡಿಯಿಂದ ಮನೆಗೆ ಬಂದು ಕಾಲು ತೊಳೆಯುವಾಗ ನೀರು ಕೆಂಪಾಯಿತು. ನೋಡಿದರೆ ಎಡಗಾಲಿನ ಹಿಮ್ಮಡಿ ಹತ್ತಿರ ಗುಂಡುಸೂಜಿ ನೆಟ್ಟಿದೆ, ತಲೆ ಮಾತ್ರ ಹೊರಗೆ. ಅಂಗಡಿಯಿಂದ ಮನೆಗೆ ಅರ್ಧ ಕಿಲೋಮೀಟರ್ ನಡೆದಿದ್ದೇನೆ, ನನಗೆ ಗೊತ್ತೇ ಆಗಿಲ್ಲ. ಅವತ್ತು ಹೆದರಿಕೆಯಾಯಿತು. ಉರಿಯುತ್ತಿರುವ ಕಾಲಿಗೇ ಸೂಜಿ ಚುಚ್ಚಿದ್ದು ಗೊತ್ತಾಗಲ್ಲ ಅಂದ್ರೆ ಏನು ವಿಚಿತ್ರ ನೋಡಿ.

ಪಕ್ಕದ ಮನೆಯವರು ಒಂದು ಕ್ಲಿನಿಕ್ ಹೇಳಿದರು. ನರದ ನೋವಿಗೆ ಲೇಸರ್, ಮಾತ್ರೆ ಬೇಡ, ಆಪರೇಷನ್ ಬೇಡ. ಸಿಟ್ಟಿಂಗ್‌ಗೆ 600 ರೂಪಾಯಿ, ಹತ್ತಕ್ಕೆ ಆರು ಸಾವಿರ. ಒಂದು ಸಿಟ್ಟಿಂಗ್ ಅಂದ್ರೆ ನನಗೆ ಎರಡು ಲೈನಿಂಗ್ ಬ್ಲೌಸಿನ ಮಜೂರಿ. ಆದರೂ ಉರಿ ಅಂದ್ರೆ ಉರಿ, ಕಟ್ಟಿದೆ.

ಹೇಗಿರುತ್ತೆ ಅಂತ ಹೇಳ್ತೀನಿ, ನಿಮ್ಮ ತಂದೆಯವರು ಹೆದರಬೇಕಾಗಿಲ್ಲ. ಮಂಚದ ಮೇಲೆ ಮಲಗಿಸುತ್ತಾರೆ, ಕಣ್ಣಿಗೆ ಕಪ್ಪು ಕನ್ನಡಕ ಹಾಕುತ್ತಾರೆ. ದಪ್ಪ ಪೆನ್ನಿನಂಥ ಒಂದು ಹಿಡಿಕೆ, ಅದರ ತುದಿಯನ್ನು ಅಂಗಾಲು, ಬೆರಳ ಸಂದಿ, ಕಾಲಗಂಟಿನ ಹಿಂದೆ ಒಂದೊಂದು ಕಡೆ ಇಟ್ಟು ಹಿಡಿಯುತ್ತಾರೆ, ಮಿಷನ್ ಬೀಪ್ ಅಂದ ಮೇಲೆ ಮುಂದಿನ ಜಾಗ. ಕಾಣುವ ಕೆಂಪು ಚುಕ್ಕಿ ಬರೀ ಗುರುತಿಗೆ, ಕೆಲಸ ಮಾಡುವ 808 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣಲ್ಲ. ನೋವಿಲ್ಲ, ಬಿಸಿಯೂ ಇಲ್ಲ, ಏನೂ ಅನಿಸಲ್ಲ. ಜೀವಕೋಶದಲ್ಲಿ ಶಕ್ತಿ ತಯಾರು ಮಾಡುವ ಮೈಟೋಕಾಂಡ್ರಿಯಾ ಈ ಬೆಳಕನ್ನು ಹೀರಿಕೊಂಡು ಚುರುಕಾಗುತ್ತೆ, ಊತ ಇಳಿಯುತ್ತೆ, ನರ ಸುಧಾರಿಸುತ್ತೆ ಅನ್ನೋದು ಅವರ ವಿವರಣೆ. ಈ ವಿದ್ಯೆ ಹುಟ್ಟಿದ್ದೂ ತಮಾಷೆಯಾಗಿದೆ. 1967ರ ಸುಮಾರಿಗೆ ಹಂಗೇರಿಯ ಎಂಡ್ರೆ ಮೆಸ್ಟರ್ ಅನ್ನೋ ಡಾಕ್ಟರು ಬೋಳಿಸಿದ ಇಲಿಗಳ ಮೈಗೆ ಲೇಸರ್ ಬಿಟ್ಟು ನೋಡಿದರಂತೆ, ಕ್ಯಾನ್ಸರ್ ಬರುತ್ತಾ ಅಂತ. ಬಂದಿದ್ದು ಕ್ಯಾನ್ಸರ್ ಅಲ್ಲ, ಕೂದಲು, ಅದೂ ಬೇಗ ಬೇಗ. ಇದನ್ನು ಕೇಳಿ ನಮ್ಮ ಯಜಮಾನರು ನನಗೂ ಒಂದು ಸಿಟ್ಟಿಂಗ್ ಕೊಡಿಸು ಅಂತ ತಲೆ ಸವರಿಕೊಂಡರು.

ಮೂರು ಸಿಟ್ಟಿಂಗ್ ಆದ ಮೇಲೆ ಉರಿ ಕಡಿಮೆಯಾದ ಹಾಗೆ ಅನಿಸಿತು. ಖುಷಿಯಾಗಿ ಮಗಳಿಗೆ ಹೇಳಿದೆ. ಅವಳು ಫಾರ್ಮಸಿ ಓದುತ್ತಿದ್ದಾಳೆ, ಎಲ್ಲದಕ್ಕೂ ಅನುಮಾನ. ಅಮ್ಮಾ, ಅನಿಸಿತು ಅನ್ನೋದು ಲೆಕ್ಕ ಅಲ್ಲ, ಅಳತೆ ಪುಸ್ತಕದಲ್ಲಿ ಬರಿ ಅಂದಳು. ಸರಿ, ಗಿರಾಕಿಗಳ ಎದೆ ಸುತ್ತಳತೆ, ತೋಳಿನ ಉದ್ದ ಬರೆಯುವ ಪುಸ್ತಕದ ಕೊನೇ ಹಾಳೆಯಲ್ಲಿ ದಿನಾ ರಾತ್ರಿ ಮಲಗುವ ಮುಂಚೆ ಬಲಗಾಲಿಗೆ ಒಂದು, ಎಡಗಾಲಿಗೆ ಒಂದು, ಹತ್ತಕ್ಕೆ ಎಷ್ಟು ಉರಿ ಅಂತ ಬರೆಯೋಕೆ ಶುರು ಮಾಡಿದೆ. ಅವಳದೇ ಇನ್ನೊಂದು ಐಡಿಯಾ: ಇನ್ನು ಮುಂದೆ ಬಲಗಾಲಿಗೆ ಮಾತ್ರ ಹಾಕಿಸು. ಕ್ಲಿನಿಕ್ಕಿನವರು ಒಪ್ಪಲಿಲ್ಲ, ಆಮೇಲೆ ನನ್ನ ದುಡ್ಡು ನನ್ನ ಕಾಲು ಅಂದ ಮೇಲೆ ಒಪ್ಪಿ ಬಲಗಾಲಿಗೇ ಎರಡರಷ್ಟು ಹೊತ್ತು ಹಿಡಿದರು. ಹೀಗೆ ಏಳು ಸಿಟ್ಟಿಂಗ್.

ಮುಗಿದಾಗ ಪುಸ್ತಕ ತೆರೆದು ನೋಡಿದೆವು. ಬಲಗಾಲು 7ರಿಂದ 4ಕ್ಕೆ ಇಳಿದಿತ್ತು. ಎಡಗಾಲು? ಅದೂ 7ರಿಂದ 4. ಒಂದೊಂದು ದಿನ ಎಡದ್ದೇ ಕಡಿಮೆ. ಕ್ಲಿನಿಕ್ಕಿನಲ್ಲಿ ತೋರಿಸಿದರೆ, ರಕ್ತ ಮೈಯೆಲ್ಲ ಓಡಾಡುತ್ತಲ್ವಾ ಮೇಡಂ, ಒಂದು ಕಡೆ ಹಾಕಿದ್ದು ಇನ್ನೊಂದು ಕಡೆಗೂ ಹೋಗುತ್ತೆ ಅಂದರು. ಹಾಗಿದ್ದರೆ ಎರಡು ಕಾಲಿಗೆ ಅಂತ ಯಾಕೆ ದುಡ್ಡು ತಗೊಳ್ಳೋದು ಅಂತ ಕೇಳಬೇಕು ಅನಿಸಿತು, ಕೇಳಲಿಲ್ಲ.

ಮತ್ತೆ ಕಡಿಮೆಯಾಗಿದ್ದು ಯಾಕೆ? ಲೇಸರ್ ನಡೆಯುತ್ತಿದ್ದ ಹೊತ್ತಿಗೇ ಇನ್ನೊಂದು ಕೆಲಸ ಆಗಿತ್ತು. ಗುಂಡುಸೂಜಿ ಕಥೆ ಕೇಳಿ ನನ್ನ ಶುಗರ್ ಡಾಕ್ಟರ್ ಬೈದು ರಕ್ತಕ್ಕೆ ಬರೆದುಕೊಟ್ಟಿದ್ದರು. ಬಿ12 ವಿಟಮಿನ್ 148 ಬಂತು. 200ಕ್ಕಿಂತ ಕೆಳಗೆ ಅಂದ್ರೆ ಕೊರತೆ. ನಾವು ಮೊಟ್ಟೆಯನ್ನೂ ಮುಟ್ಟದ ಮನೆಯವರು, ಜೊತೆಗೆ ಒಂಬತ್ತು ವರ್ಷದಿಂದ ಶುಗರಿನ ಮೆಟ್‌ಫಾರ್ಮಿನ್ ಮಾತ್ರೆ, ಅದು ಬಿ12 ಮೈಗೆ ಹಿಡಿಯದ ಹಾಗೆ ಮಾಡುತ್ತೆ. ಬಿ12 ಕಡಿಮೆಯಾದರೂ ಹೀಗೇ ಜುಮ್ ಅನ್ನುತ್ತೆ, ಉರಿಯುತ್ತೆ, ಮರಗಟ್ಟುತ್ತೆ. ಶುಗರ್ ಇದ್ದವರಿಗೆ ಎಲ್ಲಾ ಶುಗರಿಂದಲೇ ಅಂತ ಬಿಟ್ಟುಬಿಡುತ್ತಾರೆ. ಒಂದು ದಿನ ಬಿಟ್ಟು ಒಂದು ದಿನ ಬಿ12 ಇಂಜೆಕ್ಷನ್ ಶುರುವಾಯಿತು, ರಾತ್ರಿಗೆ ನರದ ಉರಿ ತಡೆಯುವ ಪ್ರೀಗ್ಯಾಬಲಿನ್ ಮಾತ್ರೆ. ಹಾಗಾಗಿ ನನಗೆ ಆರಾಮ ಕೊಟ್ಟಿದ್ದು ಇಂಜೆಕ್ಷನ್ನೋ, ಮಾತ್ರೆಯೋ, ಲೇಸರ್ರೋ, ಅಥವಾ ಮದುವೆ ಸೀಸನ್ನಿನ ಮಧ್ಯೆ ಅರ್ಧ ಗಂಟೆ ಮಿಷನ್ ತುಳಿಯದೆ ಕಾಲು ಚಾಚಿ ಮಲಗಿದ್ದೋ, ಹೇಳೋದು ಕಷ್ಟ. ಎಡಗಾಲಿನ ಲೆಕ್ಕ ನೋಡಿದರೆ ಲೇಸರ್ರಿಗೆ ಜಾಸ್ತಿ ಪಾಲು ಕೊಡೋಕೆ ಮನಸ್ಸು ಬರಲ್ಲ.

ಒಬ್ಬಳ ಕಾಲಿನ ಕಥೆಯಿಂದ ತೀರ್ಮಾನ ಮಾಡಬೇಡಿ ಅಂತ ನೀವು ಹೇಳಬಹುದು, ಸರಿಯೇ. ಮಗಳು ಹುಡುಕಿ ಓದಿ ಹೇಳಿದ್ದನ್ನೂ ಬರೀತೀನಿ. ನಮ್ಮ ಮಣಿಪಾಲದಲ್ಲೇ 19 ಜನ ಶುಗರ್ ರೋಗಿಗಳಿಗೆ ಹತ್ತು ದಿನ ಲೇಸರ್ ಕೊಟ್ಟು ನೋಡಿದ್ದಾರೆ, 2015ರಲ್ಲಿ ಪ್ರಕಟವಾಗಿದೆ, ನೋವು ಇಳಿಯಿತು ಅಂತಲೇ ಇದೆ. ಆದರೆ ಹೋಲಿಸಿ ನೋಡೋಕೆ ಸುಳ್ಳು ಲೇಸರ್, ಅಂದ್ರೆ ಚಿಕಿತ್ಸೆಯ ಬೆಳಕು ಬಿಡದೆ ಸುಮ್ಮನೆ ಹಿಡಿಯೋದು, ಕೊಟ್ಟ ಇನ್ನೊಂದು ಗುಂಪು ಅದರಲ್ಲಿ ಇಲ್ಲ; ನನಗೆ ಹೋಲಿಸೋಕೆ ಎಡಗಾಲು ಇದ್ದ ಹಾಗೆ ಅವರಿಗೆ ಏನೂ ಇರಲಿಲ್ಲ. ಕೆನಡಾದ ಟೊರಾಂಟೊದಲ್ಲಿ 2004ರಲ್ಲಿ 50 ಜನರ ಮೇಲೆ ಮಾಡಿದ್ದರಲ್ಲಿ ಮೊದಲ ಎರಡು ವಾರ ಎಲ್ಲರಿಗೂ ಸುಳ್ಳು ಲೇಸರ್ ಹಿಡಿದರು, ಆಗಲೇ ನೋವು ಕಡಿಮೆಯಾಗಿತ್ತು! ಆಮೇಲೆ ನಿಜವಾದ ಲೇಸರ್ ಸಿಕ್ಕವರಿಗೆ ಸ್ವಲ್ಪ ಜಾಸ್ತಿ ಒಳ್ಳೆಯದಾದ ಹಾಗೆ ಕಂಡರೂ, ಇದನ್ನು ಮಾಡಿಸಿ ಅಂತ ಹೇಳುವಷ್ಟು ಆಧಾರ ಸಿಗಲಿಲ್ಲ ಅಂತ ಅವರೇ ಬರೆದಿದ್ದಾರೆ. ಅಮೆರಿಕದಲ್ಲಿ ಮನೆಯಲ್ಲೇ ಕಾಲಿಗೆ ಕಟ್ಟಿಕೊಳ್ಳುವ ಇನ್‌ಫ್ರಾರೆಡ್ ಬೆಳಕಿನ ಪಟ್ಟಿ ಬಂದಿತ್ತು, ಅದನ್ನು 69 ಜನರ ಮೇಲೆ ಮೂರು ತಿಂಗಳು ಪರೀಕ್ಷೆ ಮಾಡಿ 2008ರಲ್ಲಿ ಬರೆದರು: ನಿಜವಾದ ಪಟ್ಟಿಗೂ ಸುಳ್ಳು ಪಟ್ಟಿಗೂ ವ್ಯತ್ಯಾಸ ಇಲ್ಲ. 2011ರಲ್ಲಿ ಅಲ್ಲಿನ ನರರೋಗ ವೈದ್ಯರ ಸಂಘ ಶುಗರಿನ ನರದ ನೋವಿಗೆ ಕಡಿಮೆ ಶಕ್ತಿಯ ಲೇಸರ್ ಬೇಡ ಅನ್ನುವ ಪಟ್ಟಿಯಲ್ಲೇ ಹಾಕಿತು. ಹಾಗಂತ ಈ ಬೆಳಕು ಎಲ್ಲೂ ಕೆಲಸಕ್ಕೆ ಬರಲ್ಲ ಅಂತಲ್ಲ. ಕ್ಯಾನ್ಸರ್ ಚಿಕಿತ್ಸೆಯಿಂದ ಬಾಯಲ್ಲಿ ಆಗುವ ಹುಣ್ಣು ತಡೆಯೋಕೆ ದೊಡ್ಡ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಪಾದದ ನರಕ್ಕೆ ಮಾತ್ರ ಅಷ್ಟು ಗಟ್ಟಿ ಸಾಕ್ಷಿ ಇಲ್ಲ.

ಒಂದು ವಿಷಯದಲ್ಲಿ ದಯವಿಟ್ಟು ಹುಷಾರಾಗಿರಿ. ಐದನೇ ಸಿಟ್ಟಿಂಗ್ ಹೊತ್ತಿಗೆ ನನಗೆ ಹೈ ಪವರ್ ಮಿಷನ್ ಇದೆ, ಬೇಗ ಗುಣ, ಸ್ವಲ್ಪ ದುಡ್ಡು ಜಾಸ್ತಿ ಅಂದರು. ಮಿಷನ್ ಮೇಲೆ ಹಳದಿ ಚೀಟಿ ಅಂಟಿಸಿರುತ್ತಾರೆ, ಅದರಲ್ಲಿ ಕ್ಲಾಸ್ 3ಬಿ ಅಂತಿದ್ದರೆ ಅರ್ಧ ವ್ಯಾಟ್ ಒಳಗೆ, ಕ್ಲಾಸ್ 4 ಅಂತಿದ್ದರೆ ಅದಕ್ಕಿಂತ ಮೇಲೆ. ಕ್ಲಾಸ್ 4 ಬಿಸಿಯಾಗುತ್ತೆ. ಬಿಸಿಯಾದರೆ ಹೇಳಿ ಮೇಡಂ, ತೆಗೀತೀವಿ ಅಂದರು. ಗುಂಡುಸೂಜಿ ಚುಚ್ಚಿದ್ದೇ ಗೊತ್ತಾಗದ ಕಾಲು ಬಿಸಿಯಾಗಿದ್ದನ್ನು ಏನು ಹೇಳುತ್ತೆ? ಶುಗರ್ ಇರುವವರ ಪಾದದಲ್ಲಿ ಒಂದು ಗುಳ್ಳೆ ಎದ್ದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನಿಮಗೆ ಗೊತ್ತಿರಬಹುದು. ನಾನು ಬೇಡ ಅಂದೆ. ಬಿಸಿನೀರಿನ ಚೀಲ, ಬಿಸಿನೀರಲ್ಲಿ ಕಾಲು ಇಳಿಬಿಡೋದು, ಇದಕ್ಕೂ ಅದೇ ಮಾತು.

ಇನ್ನೊಂದು, ಉರಿ ಬೇರೆ, ಮರಗಟ್ಟೋದು ಬೇರೆ. ಶುಗರ್ ಡಾಕ್ಟರ್ ಹತ್ತಿರ ಬಯೋಥೀಸಿಯೋಮೀಟರ್ ಅಂತ ಇರುತ್ತೆ, ನಡುಗುವ ತುದಿಯನ್ನು ಹೆಬ್ಬೆರಳಿಗೆ ಇಟ್ಟು ಮೆಲ್ಲಗೆ ಜಾಸ್ತಿ ಮಾಡುತ್ತಾ ಹೋಗುತ್ತಾರೆ, ಯಾವಾಗ ಗೊತ್ತಾಯಿತು ಅಂತ ನೀವು ಹೇಳಬೇಕು. 25 ವೋಲ್ಟ್ ದಾಟಿದರೆ ಪಾದಕ್ಕೆ ಹುಣ್ಣಾಗುವ ಅಪಾಯ ಜಾಸ್ತಿ. ನನಗೆ ಲೇಸರ್ ಮುಂಚೆ ಬಲಗಾಲು 28, ಎಡಗಾಲು 27. ನಾಲ್ಕು ತಿಂಗಳು ಬಿಟ್ಟು ನೋಡಿದಾಗಲೂ ಹೆಚ್ಚುಕಡಿಮೆ ಅಷ್ಟೇ. ನಿದ್ದೆ ಬರುತ್ತಿದೆ, ಉರಿ ತಡೆಯುವಷ್ಟಿದೆ, ಆದರೆ ಕಾಲಿಗೆ ಜ್ಞಾನ ವಾಪಸ್ ಬಂದಿಲ್ಲ.

ಹಾಗಾಗಿ ಆ ಪ್ಯಾಕೇಜ್ ದುಡ್ಡಲ್ಲಿ ಮೊದಲು ಬಿ12, ಥೈರಾಯಿಡ್, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಮಾಡಿಸಿ, ಪಾದದ ಪರೀಕ್ಷೆ ಮಾಡಿಸಿ. ಉರಿ ಒಂದೇ ಕಾಲಿಗಿದ್ದರೆ ಅಥವಾ ಸೊಂಟದಿಂದ ಇಳಿಯುತ್ತಿದ್ದರೆ ಅದು ಬೇರೆ ನರದ ಕಥೆ, ಅದನ್ನೂ ಹೇಳಿ. ಉರಿಗೆ ಪ್ರೀಗ್ಯಾಬಲಿನ್, ಡುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್ ಅಂತ ಮಾತ್ರೆಗಳಿವೆ, ಡಾಕ್ಟರ್ ನೋಡಿ ಕೊಡಬೇಕು. ನನಗೆ ಮೊದಲ ವಾರ ತಲೆ ಸುತ್ತಿ ಒಂದು ಬ್ಲೌಸಿಗೆ ಎರಡೂ ಎಡಗೈ ತೋಳು ಕತ್ತರಿಸಿದ್ದೆ, ಆಮೇಲೆ ಅಭ್ಯಾಸವಾಯಿತು. ಎಂಸಿಆರ್ ಚಪ್ಪಲಿ, ಅಂದ್ರೆ ಶುಗರ್ ಪಾದಕ್ಕೆ ಅಂತ ಬರುವ ಮೆತ್ತನೆ ರಬ್ಬರಿನ ಚಪ್ಪಲಿ, ಕೊಡಿಸಿ, ಮನೆಯೊಳಗೂ ಹಾಕಿಕೊಳ್ಳಲಿ. ನಾನೀಗ ಅಂಗಡಿ ಮುಚ್ಚುವ ಮುಂಚೆ ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲದ ಮೇಲೆಲ್ಲ ಎಳೆಯುತ್ತೇನೆ, ದಿನಾ ಎಂಟು ಹತ್ತು ಸೂಜಿ ಸಿಗುತ್ತವೆ. ರಾತ್ರಿ ಯಜಮಾನರು ಮೊಬೈಲ್ ಬೆಳಕು ಬಿಟ್ಟು ನನ್ನ ಅಂಗಾಲು ನೋಡುತ್ತಾರೆ. ಮೊದಮೊದಲು ನಾಚಿಕೆಯಾಗುತ್ತಿತ್ತು.

ಇಷ್ಟೆಲ್ಲ ಮಾಡಿಸಿದ ಮೇಲೂ ಉರಿ ಹೋಗದೆ, ಕೈಯಲ್ಲಿ ದುಡ್ಡಿದ್ದು, ನೋಡೇಬಿಡೋಣ ಅನಿಸಿದರೆ ಮಾಡಿಸಿ, ಕಡಿಮೆ ಶಕ್ತಿಯದು ಸಾಮಾನ್ಯವಾಗಿ ಕೇಡು ಮಾಡಲ್ಲ. ಆದರೆ ಮೂರು ಸಿಟ್ಟಿಂಗಿಗೆ ಮಾತ್ರ ಕಟ್ಟಿ, ಒಂದೇ ಕಾಲಿಗೆ ಹಾಕಿಸಿ, ದಿನಾ ಬರೆದಿಡಿ. ಅಂದಹಾಗೆ ನಿಮ್ಮ ತಂದೆಯವರು ಮೆಟ್‌ಫಾರ್ಮಿನ್ ತಗೊಳ್ತಿದ್ದಾರಾ, ಬಿ12 ಯಾವಾಗಾದರೂ ನೋಡಿಸಿದ್ದೀರಾ? ನೀವು ಬರೆದಿದ್ದರಲ್ಲಿ ಅದು ಇಲ್ಲ.