‘ಇನ್‌ಹೆರೆಂಟ್ಲಿ’ಗೂ ವಂಶಕ್ಕೂ ಸಂಬಂಧವಿಲ್ಲ

ಮಾನ್ಯರೇ, ‘ಲ್ಯಾಟರೈಟ್ ಈಸ್ ಇನ್‌ಹೆರೆಂಟ್ಲಿ ಪೋರಸ್’ ಎಂಬುದನ್ನು ನೀವು ‘ಮುರಕಲ್ಲು ಆನುವಂಶಿಕವಾಗಿ ರಂಧ್ರಮಯ’ ಎಂದು ಅನುವಾದಿಸಿ ನಮ್ಮ ಅನುವಾದಕರ ಗುಂಪಿನ ಅಭಿಪ್ರಾಯ ಕೇಳಿದ್ದೀರಿ. ಇದೇ ತಪ್ಪನ್ನು ನಾನೂ ಮಾಡಿ, ಅದರ ಪರಿಣಾಮವನ್ನು ಕಣ್ಣಾರೆ ಕಂಡಿದ್ದೇನೆ.

ಮಂಗಳೂರಿನ ಗೇರುಬೀಜ ಕಾರ್ಖಾನೆಯೊಂದರ ಸುರಕ್ಷತಾ ಸೂಚನೆಯಲ್ಲಿ, ಸಿಪ್ಪೆಯ ಎಣ್ಣೆ ‘ಇನ್‌ಹೆರೆಂಟ್ಲಿ’ ಚರ್ಮ ಸುಡುವಂಥದ್ದು ಎಂದಿದ್ದುದನ್ನು ನಾನು ‘ವಂಶಪಾರಂಪರ್ಯವಾಗಿ’ ಎಂದು ಬರೆದಿದ್ದೆ. ಅದನ್ನು ಓದಿ ಹೇಳಿದಾಗ, ಬೆರಳ ತುದಿಗಳೆಲ್ಲ ಕಪ್ಪುಗಟ್ಟಿ ಚರ್ಮ ಸುಲಿದಿದ್ದ ಹಿರಿಯ ಕೆಲಸಗಾರ್ತಿಯೊಬ್ಬರು, ‘ಹಾಗಾದರೆ ಬೇರೆ ತಳಿಯ ಬೀಜ ಬಂದ ದಿನ ಕೈ ಸುಡದಂತೆ ಹಚ್ಚುವ ಎಣ್ಣೆ ಹಚ್ಚಿಕೊಳ್ಳುವುದು ಬೇಡವಾ?’ ಎಂದು ಕೇಳಿದರು. ನನ್ನ ಒಂದು ಪದದಿಂದ ಅವರ ಕೈ ಇನ್ನಷ್ಟು ಸುಡುವುದರಲ್ಲಿತ್ತು. ಅಲ್ಲಿಯೇ ‘ಸುಡುವುದು ಈ ಸಿಪ್ಪೆಯ ಎಣ್ಣೆಯ ಗುಣವೇ, ಯಾವ ಬೀಜವಾದರೂ ಸುಡುತ್ತದೆ’ ಎಂದು ತಿದ್ದಿದೆ.

‘ಇನ್‌ಹೆರಿಟ್’ ಬಂದದ್ದು ವಾರಸುದಾರ ಎಂಬರ್ಥದ ಲ್ಯಾಟಿನ್ ಪದದಿಂದ. ‘ಇನ್‌ಹೆರೆಂಟ್’ ಬಂದದ್ದು ಅಂಟಿಕೊಂಡಿರು ಎಂಬರ್ಥದ ಬೇರೊಂದು ಧಾತುವಿನಿಂದ. ಗೋಂದಿಗೆ ಹೇಳುವ ‘ಅಡ್ಹೀಸಿವ್’ ಕೂಡ ಇದರದ್ದೇ ಕುಲ. ಆದ್ದರಿಂದ ಆ ಗುಣವನ್ನು ತೆಗೆದರೆ ವಸ್ತು ಅದೇ ವಸ್ತುವಾಗಿ ಉಳಿಯುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ಮುರಕಲ್ಲಿನ ರಂಧ್ರಗಳು ಅದರ ಹುಟ್ಟುಗುಣ. ಮಳೆಗಾಲದಲ್ಲಿ ಅದರ ಮೇಲೆ ಹಬ್ಬುವ ಪಾಚಿ ಅಲ್ಲ. ನಿಮ್ಮ ವಾಕ್ಯಕ್ಕೆ ‘ಮುರಕಲ್ಲು ಹುಟ್ಟುಗುಣದಿಂದಲೇ ರಂಧ್ರಮಯ’ ಎಂದರೆ ಸಾಕು.

ಆದರೆ ಇದನ್ನೇ ಎಲ್ಲ ಕಡೆ ಅಂಟಿಸಬೇಡಿ. ‘ಸ್ವಭಾವತಃ’ ಮನುಷ್ಯರಿಗೂ ಪ್ರಾಣಿಗಳಿಗೂ ಒಪ್ಪುತ್ತದೆ, ಕಲ್ಲಿಗೆ ಒಪ್ಪದು. ‘ಸಹಜವಾಗಿ’ ಎಂದರೆ ‘ನಿರೀಕ್ಷಿಸಿದಂತೆಯೇ’ ಎಂಬ ಅರ್ಥವೂ ನುಸುಳುತ್ತದೆ. ‘ಮೂಲತಃ’ ಇನ್ನೂ ಅಪಾಯಕರ: ‘ಅವರು ಮೂಲತಃ ಕಾರ್ಕಳದವರು’ ಎನ್ನುವಾಗ ಅವರು ಈಗ ಅಲ್ಲಿಲ್ಲ ಎಂದೇ ನಾವು ತಿಳಿಯುತ್ತೇವೆ, ಆದರೆ ‘ಇನ್‌ಹೆರೆಂಟ್ಲಿ’ ಹೇಳುವ ಗುಣ ಎಂದೂ ಬಿಟ್ಟುಹೋಗುವಂಥದ್ದಲ್ಲ. ‘ನಾಟ್ ಇನ್‌ಹೆರೆಂಟ್ಲಿ ಬ್ಯಾಡ್’ ಎಂದಿದ್ದರೆ ‘ತನ್ನಷ್ಟಕ್ಕೆ ಕೆಟ್ಟದ್ದಲ್ಲ’ ಎನ್ನಿ. ಬಳಸುವ ರೀತಿಯಿಂದ ಕೆಡಬಹುದು ಎಂಬ ಧ್ವನಿಯೂ ಅದರಲ್ಲಿ ಬರುತ್ತದೆ.

ಮೊಬೈಲಿನ ತಂತ್ರಾಂಶ ಕೊಟ್ಟ ಮೊದಲ ಪದವನ್ನು ಹಾಗೆಯೇ ಇಳಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ನಾನು ಆರಿಸಿದ ಕನ್ನಡ ಪದವನ್ನು, 1894ರಲ್ಲಿ ನಮ್ಮ ಮಂಗಳೂರಿನಲ್ಲೇ ಪ್ರಕಟವಾದ ಕಿಟೆಲ್ ನಿಘಂಟಿನಲ್ಲಿ ತಿರುಗಿ ನೋಡುತ್ತೇನೆ. ಅಲ್ಲಿಯ ಇಂಗ್ಲಿಷ್ ಅರ್ಥ ಬೇರೆ ದಾರಿ ಹಿಡಿದಿದ್ದರೆ ಪದ ಬದಲಿಸುತ್ತೇನೆ. ನ್ಯಾಯಾಲಯದ ಕಾಗದಗಳಿಗೆ ಮಾತ್ರ ಈ ಸ್ವಾತಂತ್ರ್ಯವಿಲ್ಲ: 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 151ನೇ ಕಲಮಿನ ‘ಇನ್‌ಹೆರೆಂಟ್ ಪವರ್ಸ್’ ಬಂದರೆ ‘ಅಂತರ್ಗತ ಅಧಿಕಾರ’ ಎಂದೇ ಬರೆಯಿರಿ.